ಬೀಗ ಹಾಕಿದ ಮನೆ, ಬಾಡಿಗೆಯ ಭಯ

"ಕೆಳಗಿನ ಮನೆ ಬಾಡಿಗೆಗೆ ಕೊಡ್ತೀರಾ?" ಎಂದು ಕೇಳಿದರೆ ಸಾಕು, ನಮ್ಮ ಸಾಗರ ಸೀಮೆಯ ಎಷ್ಟೋ ಮನೆಯೊಡತಿಯರು ಮಾತು ಹಾರಿಸುತ್ತಾರೆ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಬಾಡಿಗೆ ಬಂದರೆ ಔಷಧಿಯ ಖರ್ಚಾದರೂ ಹುಟ್ಟೀತು. ಆದರೂ ಬಾಗಿಲಿಗೆ ಬೀಗ! ಅತ್ತ ವರ್ಗವಾಗಿ ಬಂದ ಟೀಚರಮ್ಮ, ಆಸ್ಪತ್ರೆಯ ನರ್ಸು ಮನೆ ಸಿಗದೆ ಅಲೆಯುತ್ತಾರೆ. ಹೀಗೇಕೆ, ಯೋಚಿಸಿದ್ದೀರಾ?

ಈ ಭಯ ನಿನ್ನೆಯದಲ್ಲ. 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ನಮ್ಮ ತಾಲ್ಲೂಕಿನಲ್ಲೇ. 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರೇ ಭೂಮಿಯ ಒಡೆಯರಾದರು. ಬೆವರು ಸುರಿಸಿದವರಿಗೆ ನ್ಯಾಯ ಸಿಕ್ಕಿತು, ಅದು ಸರಿಯೇ. ಆದರೆ ತುಂಡು ಗದ್ದೆಯ ಗೇಣಿ ನಂಬಿ ಬದುಕಿದ್ದವರ ಮನಸ್ಸಿನಲ್ಲಿ "ಕೊಟ್ಟರೆ ಹೋಯಿತು" ಎಂಬ ಮಾತು ಬೇರೂರಿತು. ಒಂದು ವಿಷಯ ತಿಳಿದಿರಲಿ: ಆ ಕಾಯ್ದೆ ಬೇಸಾಯದ ಭೂಮಿಗೆ ಮಾತ್ರ. ಹತ್ತು ವರ್ಷ ಬಾಡಿಗೆ ಕೊಟ್ಟುಕೊಂಡು ಇದ್ದರೂ ಬಾಡಿಗೆದಾರ ಮನೆಯ ಒಡೆಯನಾಗುವುದಿಲ್ಲ.

ಹಾಗಾದರೆ ಸರ್ಕಾರದ ಮೇಲೆ ದೂರೇ ಇಲ್ಲವೇ? ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ, ಅದು ಅನ್ವಯಿಸುವ ಊರುಗಳಲ್ಲಿ, ಮನೆ ಖಾಲಿಯಾದರೆ ಕಂಟ್ರೋಲರಿಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕೆಂದು ಅವರೇ ಆಜ್ಞೆ ಮಾಡಬಹುದಿತ್ತು! ಅದರ ಬದಲು 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಕಾಯ್ದೆ ಬದಲಾಯಿತು, ಕೋರ್ಟಿನ ಅಲೆದಾಟ ಬದಲಾಗಲಿಲ್ಲ. ನಮ್ಮ ಓರಗಿತ್ತಿಯೊಬ್ಬರ ಮನೆಯ ಬಾಡಿಗೆದಾರ ಬಾಡಿಗೆಯನ್ನೇ ನಿಲ್ಲಿಸಿಬಿಟ್ಟ. ಗಂಡ ತೀರಿಕೊಂಡ ಹೆಂಗಸು, ನಾಲ್ಕು ವರ್ಷ ವಾಯಿದೆಯ ಮೇಲೆ ವಾಯಿದೆ ಎಂದು ತಿರುಗಿದರು. ಮನೆಕಂದಾಯ ಕಟ್ಟಿದ್ದೂ ಅವರೇ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ್ದೂ ಅವರೇ.

2023ರಲ್ಲಿ ಗೃಹಜ್ಯೋತಿ ಬಂತು. ಬಾಡಿಗೆದಾರರಿಗೂ ಅದರ ಲಾಭ ಸಿಕ್ಕಿದ್ದು ಒಳ್ಳೆಯದೇ. ಆದರೆ ಎರಡು ಸಂಸಾರಕ್ಕೆ ಒಂದೇ ಮೀಟರ್ ಇರುವ ಹಳೇ ಮನೆಗಳಲ್ಲಿ, ಇನ್ನೂರು ಯೂನಿಟ್ ದಾಟಿದ ಬಿಲ್ಲು ಯಾರು ಕಟ್ಟಬೇಕೆಂದು ಜಗಳ ಹತ್ತಿತು.

ಕೇಂದ್ರ ಸರ್ಕಾರ 2021ರ ಜೂನ್‌ನಲ್ಲಿ ಮಾದರಿ ಬಾಡಿಗೆ ಕಾಯ್ದೆಯೊಂದನ್ನು ಒಪ್ಪಿತು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿಲ್ಲ. ಅವಧಿ ಮುಗಿದರೂ ಬಿಡದವರು ಮೊದಲೆರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಇಬ್ಬರಿಗೂ ನ್ಯಾಯವಾದ ಮಾತೇ. ಆದರೆ ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡರಷ್ಟೇ ಅದಕ್ಕೆ ಬೆಲೆ.

ಅಲ್ಲಿಯವರೆಗೆ ನಮ್ಮ ಕೈಲಿರುವುದನ್ನು ನಾವು ಮಾಡಿಕೊಳ್ಳೋಣ:

• ಎಷ್ಟೇ ಪರಿಚಯದವರಾದರೂ ಕರಾರುಪತ್ರವಿಲ್ಲದೆ ಬೀಗದ ಕೈ ಕೊಡಬೇಡಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕೇ ಬೇಕು. ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ.

• ಬಾಡಿಗೆ ಪಡೆದಾಗ ರಸೀದಿ ಕೊಡಿ, ನಕಲು ಇಟ್ಟುಕೊಳ್ಳಿ. ಬ್ಯಾಂಕಿನ ಮೂಲಕ ಬಂದರೆ ಇನ್ನೂ ಒಳ್ಳೆಯದು.

• ಸಾಧ್ಯವಾದರೆ ಬೇರೆ ಮೀಟರ್ ಹಾಕಿಸಿ.

• ಸಿಟ್ಟಿನಲ್ಲಿ ನೀರು, ಕರೆಂಟು ಕತ್ತರಿಸಬೇಡಿ. ತಪ್ಪು ನಿಮ್ಮ ಮೇಲೇ ಬಂದೀತು.

• 1999ರ ಕಾಯ್ದೆಯಲ್ಲಿ ವಿಧವೆಯರಿಗೂ ಅರವತ್ತೈದು ದಾಟಿದವರಿಗೂ ಸ್ವಂತ ವಾಸಕ್ಕೆ ಮನೆ ಬೇಗ ಬಿಡಿಸಿಕೊಳ್ಳಲು ವಿಶೇಷ ಅವಕಾಶವಿದೆ. ಎಲ್ಲಾ ಮನೆಗಳೂ ಆ ಕಾಯ್ದೆಗೆ ಒಳಪಡುವುದಿಲ್ಲ. ಆದ್ದರಿಂದ ವಕೀಲರನ್ನು ಮೊದಲೇ ಕೇಳಿ.

ಬಾಡಿಗೆದಾರರೆಲ್ಲ ಕೆಟ್ಟವರಲ್ಲ, ನಮ್ಮ ಮಕ್ಕಳೂ ಬೆಂಗಳೂರಿನಲ್ಲಿ ಬಾಡಿಗೆದಾರರೇ ಅಲ್ಲವೇ? ನಾವು ಕೇಳುವುದಿಷ್ಟೇ: ಕೊಟ್ಟ ಮನೆ ಬೇಕಾದಾಗ ಕೈಗೆ ಸಿಗಲಿ. ಅಷ್ಟು ಭರವಸೆ ಸರ್ಕಾರ ಕೊಟ್ಟರೆ ಎಷ್ಟೋ ಬೀಗಗಳು ತಾವಾಗಿಯೇ ತೆರೆದಾವು.