ಎರಡು ನುಡಿಯ ಮನೆಯಲ್ಲಿ ಟಿವಿಯ ಲೆಕ್ಕ

ರೇಡಿಯೊ ಕೇಳುವುದಕ್ಕೂ ಸರಕಾರಕ್ಕೆ ಹಣ ತೆರಬೇಕಾಗಿದ್ದ ಕಾಲವೊಂದಿತ್ತೆಂದರೆ ಇಂದಿನ ವಿದ್ಯಾರ್ಥಿಗಳು ನಕ್ಕಾರು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸಿನ ಪುಸ್ತಕವನ್ನು ನವೀಕರಿಸಿಕೊಂಡು ಬರಬೇಕು. ರೇಡಿಯೊಕ್ಕೆ 15 ರೂಪಾಯಿ, ಮುಂದೆ ಟಿವಿ ಬಂದಾಗ ಅದಕ್ಕೆ 50. ಎಂಬತ್ತರ ದಶಕದ ನಡುವಿನಲ್ಲಿ ಆ ಪದ್ಧತಿ ನಿಂತಿತು. ಆದರೆ ಅದರಲ್ಲಿ ಒಂದು ನ್ಯಾಯವಿತ್ತು: ಒಮ್ಮೆ ಹಣ ಕೊಟ್ಟವನು ಧಾರವಾಡವನ್ನು ಕೇಳಲಿ, ಸಾಂಗಲಿಯನ್ನು ಕೇಳಲಿ, ಯಾವ ನುಡಿಯಲ್ಲಿ ಕೇಳಿದೆಯೆಂದು ಯಾರೂ ವಿಚಾರಿಸುತ್ತಿರಲಿಲ್ಲ.

ಈ ಮಾತು ನೆನಪಾದದ್ದು ಏಕಸಂಬಿಯಂಥ ಊರಿನ ಲೆಕ್ಕವನ್ನು ಹಾಕಹೊರಟಾಗ. ಚಿಕ್ಕೋಡಿ ತಾಲ್ಲೂಕಿನ ಈ ಊರು ದೂಧಗಂಗೆಯ ಸೀಮೆಯದು; ಮಹಾರಾಷ್ಟ್ರದ ಗಡಿ ಹತ್ತಿರವೇ ಇದೆ. ಇಲ್ಲಿಯ ಬೀಗತನಗಳು ಗಡಿಯನ್ನು ಕೇಳಿ ನಡೆಯುವುದಿಲ್ಲ. ವಾಚಕರು ಅಲ್ಲಿಯ ಒಂದು ಮನೆಯನ್ನು ಊಹಿಸಿಕೊಳ್ಳಲಿ. ಅತ್ತೆ ಶಿರೋಳದ ಕಡೆಯವಳು, ಅವಳಿಗೆ ಮರಾಠಿ ಧಾರಾವಾಹಿ ಬೇಕು. ಸೊಸೆ ರಾಯಬಾಗದವಳು, ಅವಳಿಗೆ ಕನ್ನಡದ್ದು. ಮಗನಿಗೆ ಕ್ರಿಕೆಟ್ಟು. ಕಾಲೇಜಿಗೆ ಹೋಗುವ ಮೊಮ್ಮಗನಿಗೆ ಟಿವಿಯೇ ಬೇಡ, ಫೋನು ಸಾಕು.

ಕೇಬಲ್ ಮತ್ತು ಡಿಷ್‌ಗಳ ಹೊಸ ದರಪದ್ಧತಿ ಜಾರಿಗೆ ಬಂದದ್ದು 2019ರ ಫೆಬ್ರುವರಿ 1ರಂದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ನೂರು ವಾಹಿನಿಗಳ ಸಂಪರ್ಕಕ್ಕೆ ತಿಂಗಳಿಗೆ 130 ರೂಪಾಯಿಯ ಮಿತಿಯನ್ನು ಹಾಕಿತು. ಹಣದ ವಾಹಿನಿಗಳ ಬೆಲೆ ಬೇರೆ. ಗುಚ್ಛದಲ್ಲಿ ಸೇರಿಸುವ ವಾಹಿನಿಯ ಬೆಲೆ 19 ರೂಪಾಯಿಯನ್ನು ಮೀರಬಾರದೆಂದೂ ವಿಧಿಸಿತು. ನೋಡುವವನು ತನಗೆ ಬೇಕಾದುದಕ್ಕಷ್ಟೇ ಕೊಡಲಿ ಎಂಬುದು ಅದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಕಂಪನಿಗಳು ಗುಚ್ಛ ಕಟ್ಟಿದ್ದು ಬಹುಮಟ್ಟಿಗೆ ಭಾಷೆಗೊಂದರಂತೆ. ಒಂದೇ ನುಡಿಯ ಮನೆಗೆ ಇದು ಸಲೀಸು. ನಮ್ಮ ಅತ್ತೆ-ಸೊಸೆಯರ ಮನೆ ಮಾತ್ರ ಎರಡು ಕಡೆ ದಂಡ ತೆತ್ತಂತಾಯಿತು. ಎರಡು ಕನ್ನಡ, ಎರಡು ಮರಾಠಿ ವಾಹಿನಿಗಳನ್ನು ಆ ಮೇಲ್ಮಿತಿಯ ಬೆಲೆಗೇ ಹಿಡಿಯೋಣ: 76 ರೂಪಾಯಿ. ಅದಕ್ಕೆ 130 ಕೂಡಿಸಿ, ನೂರಕ್ಕೆ 18ರ ತೆರಿಗೆ ಸೇರಿಸಿದರೆ ತಿಂಗಳಿಗೆ 243 ರೂಪಾಯಿ, ವರ್ಷಕ್ಕೆ ಸುಮಾರು 2,917. ಸಂಪರ್ಕಶುಲ್ಕದ ಆ ಮಿತಿಯನ್ನೂ 2024ರಲ್ಲಿ ತೆಗೆದುಹಾಕಲಾಯಿತು.

ಇನ್ನು ಒಟಿಟಿ. ಇಲ್ಲಿ ವ್ಯಾಪಾರದ ಗೆರೆಯೇ ಬೇರೆ. ಇದು ಭಾಷೆಯನ್ನು ನೋಡುವುದಿಲ್ಲ, ಒಡೆಯನನ್ನು ನೋಡುತ್ತದೆ. ಸ್ಟಾರ್ ಸುವರ್ಣ, ಸ್ಟಾರ್ ಪ್ರವಾಹ್, ಕಲರ್ಸ್ ಕನ್ನಡ, ಕಲರ್ಸ್ ಮರಾಠಿ ಎಲ್ಲವೂ ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಮಳಿಗೆಯಲ್ಲಿವೆ, ಚಂದಾ ಒಂದೇ. ಅತ್ತೆಗೂ ಸೊಸೆಗೂ ಒಂದೇ ಟಿಕೇಟಿನಲ್ಲಿ ಪ್ರವೇಶ ದೊರೆತಂತೆ! 2025ರ ಫೆಬ್ರುವರಿಯಲ್ಲಿ ಅದು ಆರಂಭವಾದಾಗ ಒಂದು ಫೋನಿನ ಚಂದಾ ವರ್ಷಕ್ಕೆ 499 ರೂಪಾಯಿ. ಜಾಹೀರಾತುಗಳನ್ನು ಸಹಿಸಿಕೊಳ್ಳಬೇಕು, ಅಷ್ಟೆ. ಆದರೆ ಜೀ ಕನ್ನಡದ ಧಾರಾವಾಹಿ ಬೇಕೆಂದರೆ ಜೀ5 ಎಂಬ ಇನ್ನೊಂದು ಮಳಿಗೆ, ಉದಯದ್ದು ಬೇಕೆಂದರೆ ಸನ್ ನೆಕ್ಸ್ಟ್ ಎಂಬ ಮತ್ತೊಂದು. ಕೇಬಲ್ಲಿನ ಒಂದು ತಂತಿಯಲ್ಲಿ ಬರುತ್ತಿದ್ದ ಕನ್ನಡ ಇಲ್ಲಿ ಮೂರು ಬಾಗಿಲುಗಳಿಗೆ ಹಂಚಿಹೋಗಿದೆ. ಮೊಮ್ಮಗನಿಗೆ ನೆಟ್‌ಫ್ಲಿಕ್ಸ್ ಬೇಕೆನಿಸಿದರೆ, 2021ರ ಡಿಸೆಂಬರಿನಲ್ಲಿ ಇಳಿಸಿದ ಫೋನಿನ ದರದಂತೆ ತಿಂಗಳಿಗೆ 149. ಅಮೆಜಾನ್ ಪ್ರೈಮ್ ಅದೇ ತಿಂಗಳಲ್ಲಿ ವರ್ಷಕ್ಕೆ 999ರಿಂದ 1,499ಕ್ಕೆ ಏರಿತು. ಒಬ್ಬನು ಇಳಿಸಿದಾಗಲೇ ಇನ್ನೊಬ್ಬನು ಏರಿಸಿದ!

ಈ ಚಂದಾಗಳ ಹಿಂದೆ ಇನ್ನೊಂದು ಖರ್ಚು ಅಡಗಿದೆ. 2024ರ ಜುಲೈಯಲ್ಲಿ ಜಿಯೋ ಕಂಪನಿಯು ದಿನಕ್ಕೆ 1.5 ಜಿಬಿ ಕೊಡುವ 28 ದಿನದ ರೀಚಾರ್ಜನ್ನು 239ರಿಂದ 299ಕ್ಕೆ ಏರಿಸಿತು. ತಿಂಗಳಿಗೆ 28 ದಿನವೆಂದರೆ ವರ್ಷಕ್ಕೆ ಹದಿಮೂರು ತಿಂಗಳು. ಒಂದು ಫೋನಿಗೆ 3,887 ರೂಪಾಯಿ. ಮಾತನಾಡಲು ಹೇಗೂ ಫೋನು ಬೇಕಲ್ಲ, ಅದನ್ನೇಕೆ ಇಲ್ಲಿ ಸೇರಿಸುತ್ತೀರಿ ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಗಂಟೆಗೆ ಒಂದು ಜಿಬಿಯವರೆಗೆ ತಿನ್ನಬಲ್ಲ ಚಿತ್ರಗಳನ್ನು ನೋಡುವವನು ಅಷ್ಟು ದೊಡ್ಡ ರೀಚಾರ್ಜನ್ನು ಮಾತಿಗಾಗಿಯೇ ಕೊಳ್ಳುತ್ತಾನೆಯೆ? ಟಿವಿಯನ್ನು ನಾಲ್ವರು ಕೂಡಿ ನೋಡಬಹುದು, ಫೋನು ಒಬ್ಬನದು. ನಾಲ್ಕು ಫೋನಿನ ಲೆಕ್ಕವನ್ನು ವಾಚಕರೇ ಹಾಕಿಕೊಳ್ಳಲಿ.

ಹಣ ಯಾವಾಗ ಕೈಗೆ ಬರುತ್ತದೆಂಬುದೂ ಮುಖ್ಯ. ಈ ಸೀಮೆಯ ರೈತನಿಗೆ ಕಬ್ಬಿನ ಬಿಲ್ಲು ಬರುವುದು ಕಾರ್ಖಾನೆಯ ಹಂಗಾಮಿನಲ್ಲಿ, ಹಾಲಿನ ಹಣ ಹತ್ತು-ಹದಿನೈದು ದಿನಕ್ಕೊಮ್ಮೆ. ವರ್ಷದ ಚಂದಾ ಕಬ್ಬಿನ ಹಣಕ್ಕೆ ಹೊಂದುತ್ತದೆ. ತಿಂಗಳ ರೀಚಾರ್ಜು ಹಾಲಿನ ಹಣವನ್ನು ಕಾಯುತ್ತದೆ. ಹಿಂದೆ ಕೇಬಲ್ಲಿನವನು ಬಾಗಿಲಿಗೆ ಬಂದಾಗ "ಮುಂದಿನ ವಾರ ಬಾರಪ್ಪಾ" ಎನ್ನಬಹುದಾಗಿತ್ತು. ಫೋನಿಗೆ ಹಾಗೆನ್ನಲು ಬಾರದು.

ಕ್ರಿಕೆಟ್ಟಿನ ಮಾತೂ ಇದೆ. 2023ರಲ್ಲಿ ಐಪಿಎಲ್ ಪಂದ್ಯಗಳನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. 2025ಕ್ಕೆ ಅವು ಚಂದಾದ ಇಲ್ಲವೆ ರೀಚಾರ್ಜಿನ ಬಾಗಿಲ ಹಿಂದೆ ಸರಿದವು. ತಿಂಗಳ ಶುಲ್ಕವೇ ಇಲ್ಲದ ದೂರದರ್ಶನದ ಫ್ರೀ ಡಿಷ್‌ನಲ್ಲಿ ಚಂದನವೂ ಇದೆ, ಮರಾಠಿಯ ಸಹ್ಯಾದ್ರಿಯೂ ಇದೆ. ಲೆಕ್ಕಕ್ಕೆ ಅದೇ ಎಲ್ಲಕ್ಕಿಂತ ಅಗ್ಗ. ಆದರೆ ಅತ್ತೆ-ಸೊಸೆಯರ ಧಾರಾವಾಹಿಗಳು ಅಲ್ಲಿಲ್ಲವಲ್ಲ!

ಆದುದರಿಂದ ನಮ್ಮ ಮನೆಯಲ್ಲಿ ಕೇಬಲ್ಲೂ ಉಳಿಯಿತು, ಒಂದು ಫೋನಿನ ಚಂದಾವೂ ಬಂತು. ಏಕೆಂದರೆ ಎರಡು ನುಡಿಗೂ ಹಣ ಕಟ್ಟಿದರೂ ಪರದೆ ಒಂದೇ; ಇಬ್ಬರ ಧಾರಾವಾಹಿಯೂ ಸಂಜೆ ಒಂದೇ ಹೊತ್ತಿಗೆ. ಹಿರಿಯಳೆಂದು ಟಿವಿ ಅತ್ತೆಯ ಪಾಲಾಗುತ್ತದೆ. ಸೊಸೆ ಮರುದಿನ ಮಧ್ಯಾಹ್ನ ಭಾಂಡೆ ತೊಳೆದಿಟ್ಟು, ಗೋಡೆಗೊರಗಿ, ಮಗನ ಫೋನಿನಲ್ಲಿ ನಿನ್ನೆಯ ಕನ್ನಡದ ಕಂತನ್ನು ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ಅತ್ತೆಯೂ ಬಂದು ಮಗ್ಗುಲಲ್ಲಿ ಕೂಡುತ್ತಾಳೆ. ಅಷ್ಟು ಚಿಕ್ಕ ಪರದೆ ಅವಳ ಕಣ್ಣಿಗೆ ಹತ್ತದು.

"ಮುಂದ ಏನಾತ ಹೇಳವಾ."

ಸೊಸೆ ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಕಥೆ ಹೇಳತೊಡಗುತ್ತಾಳೆ.