ರೋಮಾಪುರಿಯಲ್ಲಿ ನಮ್ಮ ಕ್ರಿಕೆಟ್

ಗುರುದೀಕ್ಷೆಯ ಹಾದಿಯಲ್ಲಿ ರೋಮಾಪುರಿಗೆ ತೆರಳುವ ಭಾರತೀಯ ತರುಣನಿಗೆ ಅಲ್ಲಿನ ಭಾಷೆ, ಊಟ, ಚಳಿ ಎಲ್ಲವೂ ಹೊಸತು. ಸಂಜೆ ಮೈದಾನಕ್ಕೆ ಇಳಿದರೆ ಅಲ್ಲಿಯೂ ಕಾಣುವುದು ಫುಟ್ಬಾಲ್. ರೋಮಿನ ಗುರುವಿದ್ಯಾಮಂದಿರಗಳ ನಡುವೆ ‘ಕ್ಲೆರಿಕುಸ್ ಕಪ್’ ಎಂಬ ಫುಟ್ಬಾಲ್ ಪಂದ್ಯಾವಳಿ 2007ರಲ್ಲೇ ಆರಂಭವಾಗಿತ್ತು. ಬ್ರೆಜಿಲ್, ಮೆಕ್ಸಿಕೊಗಳ ಸಹಪಾಠಿಗಳು ಅದರಲ್ಲಿ ಲೀಲಾಜಾಲವಾಗಿ ಆಡುವಾಗ, ತೆಂಗಿನ ಮಡಲಿನ ಬ್ಯಾಟು ಹಿಡಿದು ಬೆಳೆದ ನಮ್ಮ ಹುಡುಗನು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಬೇಕಷ್ಟೆ.

ಈ ಕೊರತೆ ನೀಗಿದುದು 2013ರ ಅಕ್ಟೋಬರ್ ತಿಂಗಳಲ್ಲಿ. ಪವಿತ್ರ ಪೀಠಕ್ಕೆ ಆಸ್ಟ್ರೇಲಿಯದ ರಾಯಭಾರಿಯಾಗಿದ್ದ ಜಾನ್ ಮೆಕಾರ್ಥಿಯವರ ಪ್ರೇರಣೆಯಿಂದ ವ್ಯಾಟಿಕನ್‌ನಲ್ಲಿ ಸಂತ ಪೇತ್ರರ ಕ್ರಿಕೆಟ್ ಕ್ಲಬ್ ಹುಟ್ಟಿಕೊಂಡಿತು. ಅದರ ಹೊಣೆ ಹೊತ್ತವರಲ್ಲಿ ಪ್ರಮುಖರು ಗೋವೆಯ ಪಿಲಾರ್ ಸಭೆಯ ವಂದನೀಯ ಥಿಯೋಡೋರ್ ಮಸ್ಕರೇನ್ಹಸ್. ಅವರು ಆಗ ವ್ಯಾಟಿಕನ್ನಿನ ಸಂಸ್ಕೃತಿ ಪರಿಷತ್ತಿನಲ್ಲಿದ್ದರು, ಮುಂದೆ ರಾಂಚಿಯ ಸಹಾಯಕ ಧರ್ಮಾಧ್ಯಕ್ಷರಾದರು. ಆಟಗಾರರಲ್ಲಿ ಹೆಚ್ಚಿನವರು ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ಬಂದ ಗುರುವಿದ್ಯಾರ್ಥಿಗಳು. ಗಡಿಯಲ್ಲಿ ಗುಂಡು ಹಾರಿಸಿಕೊಳ್ಳುವ ಎರಡು ದೇಶಗಳ ಮಕ್ಕಳು ಒಂದೇ ತಂಡದಲ್ಲಿ ಆಡುವುದು ನಮ್ಮ ಉಪಖಂಡದಲ್ಲಿ ಸುಲಭವಾಗಿ ಕಾಣಸಿಗುವ ದೃಶ್ಯವಲ್ಲ. ಅದಕ್ಕೆ ರೋಮಿನ ಕಪನ್ನೆಲ್ಲೆ ಕುದುರೆ ಪಂದ್ಯದ ಆವರಣದಲ್ಲಿರುವ ಮೈದಾನವೇ ಬೇಕಾಯಿತು!

2014ರ ಸೆಪ್ಟೆಂಬರಿನಲ್ಲಿ ತಂಡವು ಇಂಗ್ಲೆಂಡಿಗೆ ಹೊರಟಾಗ ಅಂದಿನ ಜಗದ್ಗುರು ಫ್ರಾನ್ಸಿಸರು ಆಟಗಾರರನ್ನು ಆಶೀರ್ವದಿಸಿ, ಬ್ಯಾಟೊಂದರ ಮೇಲೆ ಸಹಿ ಹಾಕಿದರು. ಅರ್ಜೆಂಟೀನಾದ ಫುಟ್ಬಾಲ್ ಅಭಿಮಾನಿಯ ಕೈಗೆ ಕ್ರಿಕೆಟ್ ಬ್ಯಾಟು! ಅದೇ ತಿಂಗಳ 19ರಂದು ಕ್ಯಾಂಟರ್‌ಬರಿಯಲ್ಲಿ ಆಂಗ್ಲಿಕನ್ ಧರ್ಮಸಭೆಯ ತಂಡದೊಡನೆ ಪಂದ್ಯ ನಡೆಯಿತು. 1534ರಲ್ಲಿ ರೋಮಿನಿಂದ ಬೇರ್ಪಟ್ಟ ಸಭೆಯವರೊಡನೆ ನಮ್ಮ ಹುಡುಗರು ಆಡಿ, ಸೋತು, ಕೈಕುಲುಕಿ ಬಂದರು. ಸೋಲಿನ ಬಗ್ಗೆ ಇಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಆ ನೆಲಕ್ಕೆ ಕ್ರಿಕೆಟ್ ಹಳೆಯ ಆಟ.

ಆದರೆ ಅದೇ ಇಟಲಿಯಲ್ಲಿ ಈ ಆಟಕ್ಕೆ ಇನ್ನೊಂದು ಕಥೆಯೂ ಇದೆ. ಏಡ್ರಿಯಾಟಿಕ್ ಕಡಲತೀರದ ಮೊನ್ಫಾಲ್ಕೋನೆ ಎಂಬುದು ಹಡಗು ಕಟ್ಟುವ ಪಟ್ಟಣ. ಸುಮಾರು ಮೂವತ್ತು ಸಾವಿರ ಜನಸಂಖ್ಯೆಯ ಆ ಊರಿನ ಮೂರನೆಯ ಒಂದರಷ್ಟು ಮಂದಿ ಹೊರದೇಶಗಳವರು. ಅವರಲ್ಲಿ ಬಹುಪಾಲು ಬಾಂಗ್ಲಾದೇಶದಿಂದ ಹಡಗುಕಟ್ಟೆಯ ದುಡಿಮೆಗಾಗಿ ಬಂದವರು. ಅವರು ಬಿಡುವಿನಲ್ಲಿ ಬ್ಯಾಟು ಹಿಡಿದರೆ ನೂರು ಯೂರೊಗಳವರೆಗೆ ದಂಡ ವಿಧಿಸಬಹುದೆಂದು ಅಲ್ಲಿನ ಆಗಿನ ಮೇಯರ್ ನಿಯಮ ತಂದರು. ಮೈದಾನ ಮಾಡಲು ಸ್ಥಳವಿಲ್ಲ, ಹಣವಿಲ್ಲ, ಚೆಂಡು ಅಪಾಯಕಾರಿ ಎಂಬುದು ಅವರು ನೀಡಿದ ಕಾರಣ. 2024ರ ವರದಿಗಳಂತೆ ಆ ಕಾರ್ಮಿಕರು ಊರಾಚೆ, ತ್ರಿಯೆಸ್ತೆ ವಿಮಾನ ನಿಲ್ದಾಣದ ಅಂಚಿನಲ್ಲಿ, ಸುಡುವ ಕಾಂಕ್ರೀಟಿನ ಮೇಲೆ ಆಡುತ್ತಿದ್ದರು.

ಚೆಂಡು ಗಟ್ಟಿಯೆಂಬುದು ನಿಜ. ಕಿಟಕಿ ಗಾಜು ಒಡೆದವರ ಮನೆಯವರಿಗೆ ಅದು ಗೊತ್ತು. ಹಾಗೆಂದು ಊರಿನ ಹಡಗುಗಳನ್ನು ಕಟ್ಟುವ ಕೈಗಳಿಗೆ ಒಂದು ತುಂಡು ಹುಲ್ಲುನೆಲವನ್ನು ಕೊಡಲಾಗದಷ್ಟು ಬಡತನ ಯಾವ ಊರಿಗೂ ಇರದು. ಗುರುವಿದ್ಯಾರ್ಥಿಗಳ ಬ್ಯಾಟಿಗೆ ಜಗದ್ಗುರುಗಳ ಸಹಿ, ಕೂಲಿಯವರ ಬ್ಯಾಟಿಗೆ ದಂಡದ ಚೀಟಿ ಎಂದಾದರೆ, ಭೇದ ಇರುವುದು ಆಟದಲ್ಲಲ್ಲ. ಕೊಲ್ಲಿ ದೇಶಗಳಲ್ಲಿ ಮಕ್ಕಳನ್ನು ದುಡಿಯಲು ಬಿಟ್ಟಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕೆ?

2025ರ ಜುಲೈಯಲ್ಲಿ ಇಟಲಿ ತಂಡವು ಮೊದಲ ಬಾರಿಗೆ ಟಿ-20 ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಇಟಲಿಯ ನೀಲಿ ಅಂಗಿ ತೊಟ್ಟವರಲ್ಲಿ ಪಂಜಾಬಿನಲ್ಲಿ ಹುಟ್ಟಿದವನಿದ್ದಾನೆ, ಶ್ರೀಲಂಕೆಯಲ್ಲಿ ಹುಟ್ಟಿದವನೂ ಇದ್ದಾನೆ.