ಮಗುವಿಗಾಗಿ ಪ್ರಯತ್ನಿಸುತ್ತಿದ್ದೀರಾ? ಲ್ಯೂಬ್ರಿಕೆಂಟ್ ಜೆಲ್ ಬಳಸುವ ಮುನ್ನ ಇದು ತಿಳಿದಿರಲಿ

ಮಗು ಬೇಕೆನ್ನುವ ದಂಪತಿ ದಿನ ಲೆಕ್ಕ ಹಾಕುತ್ತಾರೆ, ಊಟ ಬದಲಿಸುತ್ತಾರೆ, ಪರೀಕ್ಷೆಗಳನ್ನೂ ಮಾಡಿಸುತ್ತಾರೆ. ಆದರೆ ಮಿಲನದ ವೇಳೆ ಬಳಸುವ ಜೆಲ್ ಬಗ್ಗೆ ವೈದ್ಯರನ್ನು ಕೇಳಲು ಸಂಕೋಚ. ಹಲವು ಜೆಲ್‌ಗಳು ವೀರ್ಯಾಣುಗಳ ಚಲನೆಯನ್ನು ಕುಗ್ಗಿಸುತ್ತವೆ ಎಂಬುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. ಯಾಕೆ ಹೀಗೆ? ಉತ್ತರ ಇರುವುದು ದೇಹವೇ ತಯಾರಿಸುವ ಲೋಳೆಯಲ್ಲಿ.

ಲೋಳೆಯ ಕೆಲಸವೇನು?

ಗರ್ಭಕೋಶದ ಬಾಯಿಯಾದ ಗರ್ಭಕಂಠದಲ್ಲಿ ಸದಾ ಲೋಳೆ ಇರುತ್ತದೆ. ತಿಂಗಳ ಹೆಚ್ಚಿನ ದಿನ ಇದು ದಪ್ಪಗಿದ್ದು, ವೀರ್ಯಾಣುಗಳನ್ನು ಒಳಗೆ ಬಿಡುವುದಿಲ್ಲ. ಅಂಡಾಣು ಬಿಡುಗಡೆಯ ದಿನ ಹತ್ತಿರವಾದಂತೆ ಈಸ್ಟ್ರೋಜೆನ್ ಏರುತ್ತದೆ. ಆಗ ಲೋಳೆ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಬೆರಳುಗಳ ನಡುವೆ ಎಳೆದರೆ ದಾರದಂತೆ ಹಿಗ್ಗುತ್ತದೆ. ನಂತರ ಪ್ರೊಜೆಸ್ಟರಾನ್ ಪ್ರಭಾವದಿಂದ ಮತ್ತೆ ಗಟ್ಟಿಯಾಗುತ್ತದೆ.

ಯೋನಿಯ ಆಮ್ಲೀಯ ವಾತಾವರಣದಲ್ಲಿ ವೀರ್ಯಾಣು ಹೆಚ್ಚು ಹೊತ್ತು ಬದುಕುವುದಿಲ್ಲ. ತುಸು ಕ್ಷಾರೀಯವಾದ ಈ ತಿಳಿ ಲೋಳೆ ಸಿಕ್ಕರೆ 5 ದಿನದವರೆಗೂ ಬದುಕಬಲ್ಲದು. ಬಿಡುಗಡೆಯಾದ ಅಂಡಾಣುವಿನ ಆಯುಷ್ಯ 12ರಿಂದ 24 ಗಂಟೆ ಮಾತ್ರ. ಹಾಗಾಗಿ ವೀರ್ಯಾಣು ಮೊದಲೇ ಬಂದು ಕಾಯುತ್ತಿರುವುದು ಮುಖ್ಯ. ಆಕಾರ ಕೆಟ್ಟ, ಈಜಲಾಗದ ವೀರ್ಯಾಣುಗಳನ್ನು ಬಹುಮಟ್ಟಿಗೆ ತಡೆದು ಸೋಸುವುದೂ ಈ ಲೋಳೆಯೇ.

ಜೆಲ್‌ನಿಂದ ತೊಂದರೆ ಹೇಗೆ?

ಸಾಮಾನ್ಯ ಜೆಲ್‌ಗಳಲ್ಲಿ ಹಲವು ಆಮ್ಲೀಯವಾಗಿರುತ್ತವೆ. ಗ್ಲಿಸರಿನ್‌ನಂತಹ ವಸ್ತುಗಳು ಹೆಚ್ಚಿದ್ದರೆ ವೀರ್ಯಾಣುವಿನೊಳಗಿನ ನೀರು ಹೊರಗೆ ಸೆಳೆಯಲ್ಪಟ್ಟು, ಬಾಲದ ಚಲನೆ ನಿಧಾನವಾಗುತ್ತದೆ. ಎಂಜಲು ಮತ್ತು ಆಲಿವ್ ಎಣ್ಣೆಯೂ ಚಲನೆ ಕುಗ್ಗಿಸಿದ್ದು ಪ್ರಯೋಗಾಲಯದಲ್ಲಿ ದಾಖಲಾಗಿದೆ.

ಹಾಗೆಂದು ಗಾಬರಿ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿದ್ದ ದಂಪತಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಜೆಲ್ ಬಳಸಿದವರಲ್ಲಿ ಗರ್ಭಧಾರಣೆ ಕಡಿಮೆಯಾಗಿದ್ದು ಕಂಡುಬಂದಿಲ್ಲ. ಇದೇ ಕಾರಣಕ್ಕೆ ಜೆಲ್ ಅನ್ನು ಗರ್ಭನಿರೋಧಕವೆಂದು ನಂಬುವುದೂ ತಪ್ಪು.

ಪರ್ಯಾಯ ಏನು?

ಒಣಗುವಿಕೆ ಅಥವಾ ನೋವಿದ್ದರೆ ಜೆಲ್ ಬೇಕಾಗಬಹುದು. ಅಮೆರಿಕದ ಸಂತಾನೋತ್ಪತ್ತಿ ವೈದ್ಯರ ಸಂಘಟನೆಯು ಅಂಥವರಿಗೆ ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್ ಆಧಾರಿತ ಜೆಲ್, ಮಿನರಲ್ ಆಯಿಲ್ ಅಥವಾ ಕೆನೋಲಾ ಎಣ್ಣೆಯನ್ನು ಸೂಚಿಸುತ್ತದೆ. ಹಸಿ ಮೊಟ್ಟೆಯ ಬಿಳಿ ಹಚ್ಚುವ ಮನೆಮದ್ದು ಬೇಡ. ಅದರಲ್ಲಿ ಸೋಂಕು ತರುವ ಬ್ಯಾಕ್ಟೀರಿಯಾ ಇರಬಹುದು.

ಪ್ರಯೋಗಾಲಯದಲ್ಲೂ ಲೋಳೆಗೆ ಬದಲಿ ಹುಡುಕಲಾಗಿದೆ. ವೀರ್ಯಾಣುಗಳ ಈಜುವ ಶಕ್ತಿ ಅಳೆಯಲು ಹಸುವಿನ ಗರ್ಭಕಂಠದ ಲೋಳೆ ಹಾಗೂ ಹಯಲುರಾನಿಕ್ ಆಮ್ಲದ ದ್ರಾವಣ ಬಳಕೆಯಾಗಿವೆ. ಆದರೆ ಹಯಲುರಾನಿಕ್ ಆಮ್ಲಕ್ಕೆ ಅಂಟುವ ವೀರ್ಯಾಣುಗಳನ್ನೇ ಆರಿಸಿ ಚಿಕಿತ್ಸೆ ನೀಡಿದರೂ ಮಗು ಜನಿಸುವ ಪ್ರಮಾಣ ಗಮನಾರ್ಹವಾಗಿ ಏರಲಿಲ್ಲ ಎಂದು 2019ರಲ್ಲಿ ಪ್ರಕಟವಾದ ಬ್ರಿಟನ್‌ನ ದೊಡ್ಡ ಪ್ರಯೋಗ ತಿಳಿಸಿದೆ. ದೇಹದ ಲೋಳೆಗೆ ಸರಿಸಾಟಿ ಇನ್ನೂ ಸಿಕ್ಕಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ದಾಟಿದ್ದರೆ 6 ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣಿ. ಬಳಸುತ್ತಿರುವ ಜೆಲ್‌ನ ಹೆಸರನ್ನೂ ಸಂಕೋಚವಿಲ್ಲದೆ ಹೇಳಿ.